ನೂರನಲವತ್ತು ಕೋಟಿಯ ಗಡ್ಡೆ, ಎರಡೇ ಚಹರೆ

ಸ್ಕ್ಯಾನಿಂಗ್ ವರದಿಯಲ್ಲಿ ಒಂದು ಸಾಲು: ಮೇದೋಜ್ಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ, ಅಡ್ಡಳತೆ 3 ಸೆಂಟಿಮೀಟರ್. ಓದಿದವರಿಗೆ ಅದು ಸಣ್ಣದಾಗಿಯೇ ಕೇಳಿಸುತ್ತದೆ. ಗಡ್ಡೆ ಉಂಡೆಯಾಗಿದೆ ಎಂದು ಹಿಡಿದು ಗುಣಿಸಿದರೆ ಗಾತ್ರ ಸುಮಾರು 14 ಘನ ಸೆಂಟಿಮೀಟರ್. ಒಂದು ಘನ ಸೆಂಟಿಮೀಟರಿನಲ್ಲಿ ನೂರು ಕೋಟಿ ಜೀವಕೋಶ ಎಂಬುದು ಕ್ಯಾನ್ಸರ್ ವಿಜ್ಞಾನದಲ್ಲಿ ಹಳೆಯ ರೂಢಿಯ ಅಂದಾಜು. ಅಲ್ಲಿಗೆ 1400 ಕೋಟಿ. ಅಷ್ಟೂ ಕ್ಯಾನ್ಸರ್ ಕೋಶಗಳಲ್ಲ. ಈ ಕ್ಯಾನ್ಸರಿನ ವಿಚಿತ್ರವೇ ಅದು: ಗಡ್ಡೆಯ ಬಹುಪಾಲು ನಾರು, ನಾರು ನೇಯುವ ಕೋಶಗಳು, ರಕ್ಷಣಾ ಕೋಶಗಳು, ನಜ್ಜುಗುಜ್ಜಾದ ರಕ್ತನಾಳಗಳು. ಎಷ್ಟೋ ಗಡ್ಡೆಗಳಲ್ಲಿ ನಿಜವಾದ ಕ್ಯಾನ್ಸರ್ ಕೋಶ ಹತ್ತಕ್ಕೊಂದೋ ಐದಕ್ಕೊಂದೋ ಮಾತ್ರ. ಹತ್ತಕ್ಕೊಂದು ಎಂದೇ ಹಿಡಿಯೋಣ. 140 ಕೋಟಿ.

ಭಾರತದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ನೂರು ಕೋಟಿ ಎಂಬ ರೂಢಿಯ ಅಂದಾಜೇ ಹತ್ತು ಪಟ್ಟು ಉಬ್ಬಿದ್ದು ಎನ್ನುವ ವಿಜ್ಞಾನಿಗಳೂ ಇದ್ದಾರೆ. ಅವರ ಮಾತು ಸರಿಯಾದರೂ 14 ಕೋಟಿ ಉಳಿಯುತ್ತದೆ, ಇಡೀ ಕರ್ನಾಟಕದ ಎರಡು ಪಟ್ಟು. ಸುಮಾರು 15 ಸೆಂಟಿಮೀಟರ್ ಉದ್ದದ, ನೂರು ಗ್ರಾಂ ಕೂಡ ತೂಗದ, ಜಠರದ ಹಿಂದೆ ಅಡಗಿ ಕೂತ ಒಂದು ಗ್ರಂಥಿಯ ತುದಿಯಲ್ಲಿ ಇಷ್ಟು ಮಂದಿ.

ಪ್ರತಿಯೊಂದು ಕೋಶದೊಳಗೂ ಸುಮಾರು 2 ಮೀಟರ್ ಡಿಎನ್‌ಎ ಸುತ್ತಿಕೊಂಡಿದೆ. 140 ಕೋಟಿ ಕೋಶಗಳದ್ದನ್ನು ಬಿಚ್ಚಿ ಒಂದರ ತುದಿಗೆ ಇನ್ನೊಂದನ್ನು ಕಟ್ಟಿದರೆ 28 ಲಕ್ಷ ಕಿಲೋಮೀಟರ್. ಭೂಮಿಯಿಂದ ಚಂದ್ರನಿಗಿರುವ ದೂರದ ಏಳು ಪಟ್ಟು. ಇಷ್ಟುದ್ದದ ಈ ದಾರದಲ್ಲಿ ರೋಗ ಶುರುವಾಗಿದ್ದು ಎಲ್ಲಿ? ಬಹಳಷ್ಟು ರೋಗಿಗಳಲ್ಲಿ, ಒಂದೇ ಒಂದು ಅಕ್ಷರದಲ್ಲಿ. ಕೆರಾಸ್ ಎಂಬ ವಂಶವಾಹಿಯ ಹನ್ನೆರಡನೇ ಪದ ‘ಜಿಜಿಟಿ’ ಎಂದಿರಬೇಕು. ನಡುವಿನ ‘ಜಿ’ ಹೋಗಿ ‘ಎ’ ಬಂದು ಕೂತರೆ ಸಾಕು. ಮನುಷ್ಯನ ಒಂದು ಜೀನೋಮಿನಲ್ಲಿ ಸುಮಾರು 320 ಕೋಟಿ ಅಕ್ಷರಗಳು. ಸೆಕೆಂಡಿಗೆ ಒಂದರಂತೆ ಹಗಲಿರುಳು ಎಡೆಬಿಡದೆ ಓದುತ್ತ ಹೋದರೆ ನೂರು ವರ್ಷ ಬೇಕು. ಆ ನೂರು ವರ್ಷದ ಓದಿನಲ್ಲಿ ಒಂದು ಸೆಕೆಂಡಿನ ತಪ್ಪು. ಮೇದೋಜ್ಜೀರಕ ಗ್ರಂಥಿಯ ಮುಖ್ಯ ಬಗೆಯ ಕ್ಯಾನ್ಸರಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಗಡ್ಡೆಗಳಲ್ಲಿ ಕೆರಾಸ್ ಹೀಗೆ ಎಲ್ಲೋ ಒಂದು ಕಡೆ ಕೆಟ್ಟಿರುತ್ತದೆ.

ಒಂದೇ ಕೋಶದಿಂದ ಹುಟ್ಟಿ, ಒಂದೇ ತಪ್ಪನ್ನು ಹೊತ್ತು ಬಂದ 140 ಕೋಟಿ ಸಂತಾನ ಒಂದೇ ತರಹ ಇರಬೇಕಲ್ಲ? ಇಲ್ಲ. ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಈ ‘ಇಲ್ಲ’.

2011ರಲ್ಲಿ ಕ್ಯಾಲಿಫೋರ್ನಿಯಾದ ಎರಿಕ್ ಕಾಲಿಸನ್ ಮತ್ತು ಸಂಗಡಿಗರು ಈ ಕ್ಯಾನ್ಸರಿನಲ್ಲಿ ಮೂರು ಉಪಬಗೆಗಳಿವೆ ಎಂದರು. ಬೇರ್ಪಡಿಸಲು 62 ವಂಶವಾಹಿಗಳ ಪಟ್ಟಿಯನ್ನೂ ಕೊಟ್ಟರು. 2015ರಲ್ಲಿ ನಾರ್ತ್ ಕೆರೊಲಿನಾದ ತಂಡ, ಮೂಲ ಜಾಗದ 145 ಗಡ್ಡೆಗಳನ್ನೂ ಹರಡಿದ ಜಾಗದ 61 ಗಡ್ಡೆಗಳನ್ನೂ ಜಾಲಾಡಿ, ಎರಡೇ ಎಂದಿತು. 2016ರಲ್ಲಿ ಆಸ್ಟ್ರೇಲಿಯಾದ ನೇತೃತ್ವದ ತಂಡ 456 ಗಡ್ಡೆಗಳನ್ನು ನೋಡಿ ನಾಲ್ಕು ಎಂದಿತು. 2020ರಲ್ಲಿ ಟೊರಾಂಟೊದವರು ಐದು ಎಂದರು. ಮೂರು, ಎರಡು, ನಾಲ್ಕು, ಐದು! ನಮ್ಮಲ್ಲಿ ಯಾವುದಾದರೂ ಆಯೋಗ ಹೀಗೆ ವರದಿ ಕೊಟ್ಟಿದ್ದರೆ ಇನ್ನೊಂದು ಆಯೋಗ ಕೂರಿಸುತ್ತಿದ್ದೆವು. ವಿಜ್ಞಾನಿಗಳು ಮಾಡಿದ್ದೂ ಅದನ್ನೇ, ಆದರೆ ಫಲ ಸಿಕ್ಕಿತು. ಕೆಲವು ಉಪಬಗೆಗಳು ಬಹುಮಟ್ಟಿಗೆ ಪಕ್ಕದ ಕ್ಯಾನ್ಸರಲ್ಲದ ಕೋಶಗಳ ದನಿ ಬೆರೆತು ಕೇಳಿಸಿದ್ದು ಎಂದು ತಿಳಿಯಿತು. ಸೋಸಿದ ಮೇಲೆ ಎಲ್ಲ ಪಟ್ಟಿಗಳಲ್ಲೂ ಗಟ್ಟಿಯಾಗಿ ನಿಂತದ್ದು ಎರಡು ಚಹರೆ: ಕ್ಲಾಸಿಕಲ್ ಮತ್ತು ಬೇಸಲ್.

ಕ್ಲಾಸಿಕಲ್ ಕೋಶಗಳಿಗೆ ತಾವು ಗ್ರಂಥಿಯ ಮನೆತನದವು ಎಂಬ ನೆನಪು ಇನ್ನೂ ಉಳಿದಿರುತ್ತದೆ. ಸಾಲಾಗಿ ನಿಂತು ಕೊಳವೆಯಂಥ ಆಕಾರ ಕಟ್ಟುತ್ತವೆ, ಲೋಳೆ ಒಸರುತ್ತವೆ, ಗಾಟಾ-6 ಎಂಬ ನಿಯಂತ್ರಕ ವಂಶವಾಹಿಯನ್ನು ಚಾಲೂ ಇಟ್ಟುಕೊಂಡಿರುತ್ತವೆ. ಬೇಸಲ್ ಕೋಶಗಳು ಅದನ್ನು ಮರೆತಿವೆ. ಚರ್ಮದಲ್ಲಿ ಕಾಣಬೇಕಾದ ಕೆರಟಿನ್-5, ಕೆರಟಿನ್-17ರಂಥ ಪ್ರೋಟೀನುಗಳನ್ನು ಹೊಟ್ಟೆಯ ಆಳದಲ್ಲಿ ಕೂತು ತಯಾರಿಸುತ್ತವೆ. ಸ್ತನ, ಮೂತ್ರಕೋಶಗಳ ಕ್ಯಾನ್ಸರುಗಳಲ್ಲೂ ಇದೇ ಬಗೆಯ ಬೇಸಲ್ ಚಹರೆ ಇದೆ. ಬೇರೆ ಅಂಗಗಳಲ್ಲಿ ಹುಟ್ಟಿದವು ಕೆಡುವಾಗ ಒಂದೇ ಕಡೆ ಹೋಗಿ ನಿಲ್ಲುತ್ತವೆ. 2015ರ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದ ಕ್ಲಾಸಿಕಲ್ ರೋಗಿಗಳ ಮಧ್ಯಮ ಬದುಕುಳಿವು 19 ತಿಂಗಳು, ಬೇಸಲ್‌ನವರದ್ದು 11. ನಡುವೆ ಎಂಟು ತಿಂಗಳು. ಜಗತ್ತಿನಲ್ಲಿ 2022ರ ಒಂದೇ ವರ್ಷ ಸುಮಾರು 5.1 ಲಕ್ಷ ಜನರಿಗೆ ಈ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು, 4.67 ಲಕ್ಷ ಜನ ಅದರಿಂದ ಸತ್ತರು. ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರ ನಿಂತಿರುವ ಕಾಯಿಲೆಯಲ್ಲಿ ಎಂಟು ತಿಂಗಳು ಸಣ್ಣ ಮಾತಲ್ಲ.

ಇಷ್ಟರವರೆಗೆ ಎಲ್ಲರ ಮನಸ್ಸಿನಲ್ಲಿದ್ದದ್ದು ಒಬ್ಬ ರೋಗಿಗೆ ಒಂದು ಉಪಬಗೆ ಎಂಬ ಲೆಕ್ಕ. ಅದಕ್ಕೆ ಕಾರಣ ಅಳೆಯುವ ವಿಧಾನ. ಗಡ್ಡೆಯ ತುಣುಕನ್ನು ಅರೆದು, ಲಕ್ಷಾಂತರ ಕೋಶಗಳ ಆರ್‌ಎನ್‌ಎಯನ್ನು, ಅಂದರೆ ಚಾಲೂ ಇರುವ ವಂಶವಾಹಿಗಳ ನಕಲುಗಳನ್ನು, ಒಟ್ಟಿಗೆ ಓದುತ್ತಿದ್ದರು. ಸಿಗುತ್ತಿದ್ದದ್ದು ಸರಾಸರಿ. ಆಮೇಲೆ ಒಂದೊಂದೇ ಕೋಶವನ್ನು ಬಿಡಿಬಿಡಿಯಾಗಿ ಓದುವ ತಂತ್ರ ಬಂತು. 2019ರಲ್ಲಿ ಚೀನಾದ ತಂಡವೊಂದು 24 ಗಡ್ಡೆಗಳಿಂದಲೂ 11 ಆರೋಗ್ಯವಂತ ಮಾದರಿಗಳಿಂದಲೂ 57,530 ಕೋಶಗಳನ್ನು ಒಂದೊಂದಾಗಿ ಓದಿತು. 2022ರಲ್ಲಿ ಬಾಸ್ಟನ್ನಿನವರು 43 ಗಡ್ಡೆಗಳ 2 ಲಕ್ಷಕ್ಕೂ ಹೆಚ್ಚು ಕೋಶಕೇಂದ್ರಗಳನ್ನು ಓದಿದರು. ಆಗ ಕಂಡದ್ದು, ಕ್ಲಾಸಿಕಲ್ ಎಂದು ಹಣೆಪಟ್ಟಿ ಹಚ್ಚಿದ ಗಡ್ಡೆಯಲ್ಲಿ ಬೇಸಲ್ ಕೋಶಗಳು, ಬೇಸಲ್ ಎಂದದ್ದರಲ್ಲಿ ಕ್ಲಾಸಿಕಲ್‌ಗಳು, ಒಂದೇ ಗಡ್ಡೆಯ ಒಂದೇ ಓಣಿಯಲ್ಲಿ ಅಕ್ಕಪಕ್ಕ.

ಅದಕ್ಕಿಂತ ಹೆಚ್ಚಿನದು 2023ರಲ್ಲಿ ಪ್ರಕಟವಾಯಿತು. ಬಾಸ್ಟನ್ನಿನ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು ಮೂರು ಕ್ಲಾಸಿಕಲ್, ಮೂರು ಬೇಸಲ್, ಒಟ್ಟು ಆರು ಗುರುತು ಪ್ರೋಟೀನುಗಳಿಗೆ ಬೇರೆ ಬೇರೆ ಬಣ್ಣದ ಬೆಳಕು ಹಚ್ಚಿ, ಗಡ್ಡೆಯ ತೆಳು ಸೀಳುಗಳಲ್ಲಿ ಕೋಶ ಕೋಶವನ್ನೂ ನೋಡಿದರು. ಎರಡೂ ಪಂಗಡದ ಗುರುತುಗಳನ್ನು ಏಕಕಾಲಕ್ಕೆ ಹೊತ್ತ ಕೋಶಗಳು ಸಿಕ್ಕವು. ಅಪರೂಪಕ್ಕಲ್ಲ, ಶೇಕಡಾ 90ಕ್ಕೂ ಹೆಚ್ಚು ಗಡ್ಡೆಗಳಲ್ಲಿ. ಎರಡು ಗುಂಪು ಹೆಚ್ಚು ಬೆರೆತ ಕಡೆಯೇ ಇವು ಹೆಚ್ಚು. ಇವು ಮೂರನೇ ಪಂಗಡವಲ್ಲ, ಒಂದು ಚಹರೆ ಬಿಟ್ಟು ಇನ್ನೊಂದಕ್ಕೆ ಹೊರಟು ದಾರಿಯಲ್ಲಿರುವವು ಎಂಬ ಅನುಮಾನ ಅಲ್ಲಿಂದ ಬಲವಾಯಿತು. ಜನಗಣತಿಯವರು ಬಾಗಿಲು ತಟ್ಟಿದಾಗ ಒಬ್ಬೊಬ್ಬರೂ ಎರಡೆರಡು ಊರಿನ ಹೆಸರು ಹೇಳಿದರೆ ಗಣತಿ ಪುಸ್ತಕವೇ ಬದಲಾಗಬೇಕು.

ನನಗೆ ಇಲ್ಲಿ ದೊಡ್ಡ ಸಂಖ್ಯೆಗಳಿಗಿಂತ ಒಂದು ಸಣ್ಣ ಸಂಖ್ಯೆಯೇ ಹೆಚ್ಚು ಬೆರಗು ಹುಟ್ಟಿಸಿದ್ದು. ಮನುಷ್ಯನ ಕೋಶದಲ್ಲಿ ಪ್ರೋಟೀನಿಗೆ ಸಂಕೇತವಿರುವ ವಂಶವಾಹಿಗಳು ಸುಮಾರು 20,000. ಪ್ರತಿಯೊಂದಕ್ಕೂ ‘ಚಾಲೂ’, ‘ಬಂದ್’ ಎಂಬ ಎರಡೇ ಸ್ಥಿತಿ ಇದೆ ಎಂದುಕೊಳ್ಳಿ. ಆಗ ಒಂದು ಕೋಶ ತಳೆಯಬಹುದಾದ ಸ್ಥಿತಿಗಳು ಎಷ್ಟು? ಎರಡನ್ನು ಎರಡರಿಂದ ಇಪ್ಪತ್ತು ಸಾವಿರ ಸಲ ಗುಣಿಸುತ್ತ ಹೋದಷ್ಟು. ಆ ಸಂಖ್ಯೆಗೆ 6021 ಅಂಕಿಗಳಿವೆ. ಕಣ್ಣಿಗೆ ಎಟಕುವ ವಿಶ್ವದಲ್ಲಿರುವ ಪರಮಾಣುಗಳ ಅಂದಾಜು ಬರೆಯಲು 81 ಅಂಕಿ ಸಾಕು. ಇಷ್ಟು ಸಾಧ್ಯತೆಗಳ ಬಯಲಿನಲ್ಲಿ, ಕ್ರೋಮೋಸೋಮುಗಳೇ ಚೂರಾಗಿ ತಪ್ಪು ತಪ್ಪಾಗಿ ಅಂಟಿಕೊಂಡ, ಯಾವ ಕಟ್ಟುಪಾಡಿಗೂ ಜಗ್ಗದ 140 ಕೋಟಿ ಕೋಶಗಳು, ಒಬ್ಬ ರೋಗಿಯಲ್ಲಲ್ಲ, ಜಗತ್ತಿನ ಉದ್ದಗಲದ ಸಾವಿರಾರು ರೋಗಿಗಳಲ್ಲಿ, ಸರದಿಯಂತೆ ಬಂದು ಸೇರುವುದು ಎರಡು ಜಾಗಗಳಿಗೆ ಮತ್ತು ಅವುಗಳ ನಡುವಿನ ಒಂದು ದಾರಿಗೆ. ಕ್ಯಾನ್ಸರನ್ನು ಅರಾಜಕತೆ ಎನ್ನುವುದು ವಾಡಿಕೆ. ಈ ಲೆಕ್ಕ ನೋಡಿದರೆ ಹಾಗೆನ್ನಲು ಬಾಯಿ ಬರುವುದಿಲ್ಲ.

ಬ್ರಿಟನ್ನಿನ ಕಾನ್ರಾಡ್ ವ್ಯಾಡಿಂಗ್ಟನ್ 1957ರಲ್ಲೇ ಇದಕ್ಕೊಂದು ಚಿತ್ರ ಕೊಟ್ಟಿದ್ದ. ಬೆಳೆಯುತ್ತಿರುವ ಕೋಶ ಗುಡ್ಡದ ಮೇಲಿಂದ ಉರುಳುವ ಗುಂಡು. ಕೆಳಗೆ ಕವಲೊಡೆದ ಕಣಿವೆಗಳು. ಒಂದು ಕಣಿವೆ ಹಿಡಿದರೆ ಯಕೃತ್ತು, ಇನ್ನೊಂದು ಹಿಡಿದರೆ ಚರ್ಮ. ಬಿಸಿಲೆಯ ಬೆಟ್ಟದ ನೆತ್ತಿಗೆ ಹೋದವರಿಗೆ ಈ ಚಿತ್ರ ಕೂಡಲೇ ತಿಳಿಯುತ್ತದೆ. ಅಲ್ಲಿ ಮಳೆಹನಿ ಗೆರೆಯ ಈಚೆ ಬಿದ್ದರೆ ಹೇಮಾವತಿ ಸೇರಿ ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ. ಆಚೆ ಬಿದ್ದರೆ ಕುಮಾರಧಾರೆ ಸೇರಿ ನೇತ್ರಾವತಿಯ ಜೊತೆ ಅರಬ್ಬಿ ಸಮುದ್ರಕ್ಕೆ. ಒಮ್ಮೆ ಇಳಿದ ನೀರು ಹಿಂದಿರುಗುವುದಿಲ್ಲ. ಮೇದೋಜ್ಜೀರಕದ ಕ್ಯಾನ್ಸರಿನಲ್ಲಿ ಹೊಸದಾಗಿ ಕೊರೆದ ಕಣಿವೆಗಳಿಲ್ಲ. ಮಾರ್ಪಟ್ಟಿರುವುದು ನಡುವಿನ ದಿಬ್ಬ. ಅದು ಎಷ್ಟು ತಗ್ಗಿದೆಯೆಂದರೆ ಹೇಮಾವತಿಗೆ ಇಳಿದ ನೀರು ಮತ್ತೆ ಹತ್ತಿ ಬಂದು ಕುಮಾರಧಾರೆಗೆ ಹರಿಯುತ್ತದೆ, ಬೇಕಾದರೆ ಮತ್ತೆ ಹಿಂದಕ್ಕೂ.

ಇದನ್ನು ತೋರಿಸಿಕೊಟ್ಟ ಪ್ರಯೋಗಗಳಲ್ಲಿ ನನಗೆ ಅಚ್ಚುಮೆಚ್ಚಿನದು 2021ರದ್ದು. ಶ್ರೀವತ್ಸನ್ ರಾಘವನ್, ಪೀಟರ್ ವಿಂಟರ್ ಮತ್ತು ಸಂಗಡಿಗರು, ಡೇನಾ-ಫಾರ್ಬರ್ ಹಾಗೂ ಎಂಐಟಿಯ ಕೂಟ. ಕ್ಯಾನ್ಸರ್ ಹರಡಿದ 23 ರೋಗಿಗಳ ಸೂಜಿ ಮಾದರಿಗಳನ್ನು ತೆಗೆದುಕೊಂಡರು. ಒಂದು ಪಾಲನ್ನು ತಕ್ಷಣ ಕೋಶ ಕೋಶವಾಗಿ ಓದಿದರು. ಇನ್ನೊಂದು ಪಾಲನ್ನು ಪ್ರಯೋಗಾಲಯದ ತಟ್ಟೆಯಲ್ಲಿ ‘ಆರ್ಗನಾಯ್ಡ್’ ಎಂಬ ಪುಟ್ಟ ಗೋಲಿಗಳಾಗಿ ಬೆಳೆಸಿದರು. ರೋಗಿಯ ಗಡ್ಡೆಯ ಪ್ರತಿನಿಧಿ ಎಂದು ಜಗತ್ತಿನಾದ್ಯಂತ ಮದ್ದಿನ ಪರೀಕ್ಷೆಗೆ ಬಳಸುವುದು ಈ ಗೋಲಿಗಳನ್ನೇ. ತಟ್ಟೆಯಲ್ಲಿ ಬೆಳೆದವನ್ನು ಓದಿ ನೋಡಿದರೆ ಬೇಸಲ್ ಚಹರೆ ಕರಗಿಹೋಗಿತ್ತು, ಗೋಲಿಗಳು ಕ್ಲಾಸಿಕಲ್ ಕಡೆಗೆ ವಾಲಿದ್ದವು. ರೋಗಿಯ ಯಕೃತ್ತಿನಲ್ಲಿ ಬೇಸಲ್ ಆಗಿದ್ದ ಗಡ್ಡೆ ತಟ್ಟೆಯಲ್ಲಿ ಸಾಧುವಾಗಿ ಕೂತಿತ್ತು!

ಕಾರಣ ಊಟ. ಆರ್ಗನಾಯ್ಡ್ ಬೆಳೆಸುವ ರಸದಲ್ಲಿ ಹತ್ತಾರು ಪೋಷಕ ಸಂಕೇತಗಳನ್ನು ಬೆರೆಸಿರುತ್ತಾರೆ. ಅವೇ ಕೋಶಗಳನ್ನು ಕ್ಲಾಸಿಕಲ್ ಕಣಿವೆಗೆ ತಳ್ಳುತ್ತಿದ್ದವು. ರಸ ಬದಲಿಸಿದರು, ಕೋಶಗಳು ಮತ್ತೆ ಬೇಸಲ್ ದಿಕ್ಕಿಗೆ ಸರಿದವು. ಗಡ್ಡೆಯ ಸುತ್ತಲಿನ ನಾರಿನ ಕೋಶಗಳು ಹೇರಳವಾಗಿ ಸೂಸುವ ಟಿಜಿಎಫ್-ಬೀಟಾ ಎಂಬ ಸಂಕೇತವನ್ನು ಬೆರೆಸಿದಾಗಲೂ ಹಾಗೇ. ಡಿಎನ್‌ಎಯ ಒಂದಕ್ಷರವನ್ನೂ ಯಾರೂ ಮುಟ್ಟಿರಲಿಲ್ಲ. ಚಹರೆ ಬದಲಾದಂತೆ ಮದ್ದಿಗೆ ಬಗ್ಗುವ ಗುಣವೂ ಬದಲಾಯಿತು. ತಟ್ಟೆಯಲ್ಲಿ ಕೊಂದ ಮದ್ದು ದೇಹದಲ್ಲಿ ಏಕೆ ಸೋಲುತ್ತದೆ ಎಂಬ ಹಳೆಯ ಪ್ರಶ್ನೆಗೆ ಅರ್ಧ ಉತ್ತರವಾದರೂ ಇಲ್ಲಿದೆ.

ಇದೇ ಮಾತನ್ನು ಬೇರೆ ದಿಕ್ಕುಗಳಿಂದ ಹೇಳಿದವರಿದ್ದಾರೆ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಡೇವಿಡ್ ಟುವೆಸನ್ ಅವರ ತಂಡ ಮನುಷ್ಯರ ಕ್ಯಾನ್ಸರ್ ಕೋಶಗಳನ್ನು ಇಲಿಯ ಮೇದೋಜ್ಜೀರಕದ ನಾಳದೊಳಗೆ ನೆಟ್ಟು, ಗಡ್ಡೆ ಬೆಳೆದಂತೆ ಉಪಬಗೆ ಹೊರಳುವುದನ್ನು ಕಂಡಿತು. ಜರ್ಮನಿಯ ಗಟ್ಟಿಂಗೆನ್ನಿನವರು ಬೊಟ್ಟು ಮಾಡಿದ್ದು ಮ್ಯಾಕ್ರೊಫೇಜುಗಳ ಕಡೆಗೆ, ಅಂದರೆ ನಮ್ಮನ್ನು ಕಾಯಬೇಕಾದ ರಕ್ಷಣಾ ಕೋಶಗಳ ಕಡೆಗೆ. ಅವು ಚೆಲ್ಲುವ ಟಿಎನ್‌ಎಫ್-ಆಲ್ಫಾ ಎಂಬ ಸಂಕೇತ ಕ್ಲಾಸಿಕಲ್ ಕೋಶವನ್ನು ಬೇಸಲ್ ಆಗಿಸುತ್ತದೆ. ಅಂದಮೇಲೆ ಆ ಹತ್ತಕ್ಕೆ ಒಂಬತ್ತು ಪಾಲು, ಕ್ಯಾನ್ಸರಲ್ಲ ಎಂದು ನಾವು ಮೊದಲೇ ಕಳೆದುಬಿಟ್ಟ 1260 ಕೋಟಿ, ಕಳೆಯುವಂಥದ್ದಾಗಿರಲಿಲ್ಲ.

ಈಗ ಕಾಲದ ಲೆಕ್ಕ. 2010ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಕ್ರಿಸ್ಟೀನ್ ಯಾಕೊಬುಜಿಯೊ-ಡೊನಾಹ್ಯೂ ಅವರ ತಂಡ, ಸತ್ತ ಏಳು ರೋಗಿಗಳ ಗಡ್ಡೆಗಳಲ್ಲಿ ರೂಪಾಂತರಗಳನ್ನು ಎಣಿಸಿ ಹಿಮ್ಮುಖವಾಗಿ ಗಡಿಯಾರ ತಿರುಗಿಸಿತು. ಮೊದಲ ತಪ್ಪಿನಿಂದ ಗಡ್ಡೆಯ ಮೂಲಕೋಶ ಹುಟ್ಟುವವರೆಗೆ ಕನಿಷ್ಠ 10 ವರ್ಷ. ಅಲ್ಲಿಂದ ಹರಡುವ ಶಕ್ತಿ ಬರಲು ಕನಿಷ್ಠ ಇನ್ನೈದು. ಆಮೇಲೆ ಸಾವಿಗೆ ಸರಾಸರಿ ಎರಡು. ಟೊರಾಂಟೊದವರು 2016ರಲ್ಲಿ ಈ ನಿಧಾನದ ಕಥೆಗೆ ತಕರಾರು ಎತ್ತಿದರು: 107 ಗಡ್ಡೆಗಳಲ್ಲಿ ಮೂರನೇ ಎರಡು ಭಾಗದಲ್ಲಿ ಕ್ರೋಮೋಸೋಮ್ ಒಂದೇ ಏಟಿಗೆ ಚೂರುಚೂರಾಗಿ ಮತ್ತೆ ಅಂಟಿಕೊಂಡ ಗುರುತಿತ್ತು. ಡಿಎನ್‌ಎ ವರ್ಷಗಟ್ಟಲೆ ತೆವಳಿತೋ, ಒಮ್ಮೆಲೇ ಹಾರಿತೋ ಎಂಬ ಜಗಳ ಏನೇ ಇರಲಿ, ಅಲ್ಲಿ ಆದದ್ದು ಆಯಿತು, ಹಿಂತಿರುಗಿಸುವಂತಿಲ್ಲ. ಚಹರೆಯ ಗಡಿಯಾರ ಬೇರೆ. ಚಹರೆ ಇರುವುದು ಆರ್‌ಎನ್‌ಎ ನಕಲುಗಳಲ್ಲಿ. ಒಂದು ಕೋಶದಲ್ಲಿ ಯಾವುದೇ ಕ್ಷಣಕ್ಕೆ ಅಂಥ ಒಂದೆರಡು ಲಕ್ಷ ನಕಲುಗಳಿರುತ್ತವೆ, ಹೆಚ್ಚಿನವುಗಳ ಆಯುಷ್ಯ ಕೆಲವು ಗಂಟೆಗಳು. ತಲಾ ಎರಡು ಲಕ್ಷ ಎಂದರೂ ನಮ್ಮ 3 ಸೆಂಟಿಮೀಟರ್ ಗಡ್ಡೆಯಲ್ಲಿ 280 ಲಕ್ಷ ಕೋಟಿ ನಕಲುಗಳು ಅಳಿಸಿಹೋಗುತ್ತ, ಹೊಸದಾಗಿ ಬರೆಸಿಕೊಳ್ಳುತ್ತ ಇರುತ್ತವೆ. ನಿನ್ನೆ ಕ್ಲಾಸಿಕಲ್ ಆಗಿದ್ದ ಕೋಶ ಇವತ್ತೂ ಕ್ಲಾಸಿಕಲ್ ಆಗಿರಬೇಕಾದರೆ ಇವತ್ತೂ ಹಾಗೆಂದು ಬರೆದುಕೊಳ್ಳಬೇಕು.

ಈ ಹೊರಳುವಿಕೆ ಕ್ಯಾನ್ಸರ್ ಕಂಡುಹಿಡಿದ ವಿದ್ಯೆಯಲ್ಲ, ಗ್ರಂಥಿಯಲ್ಲೇ ಮೊದಲಿಂದ ಇದ್ದದ್ದು. ಮೇದೋಜ್ಜೀರಕ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಜೀರ್ಣರಸ ಸುರಿಸುತ್ತದೆ, ತನ್ನ ತೂಕದ ಹದಿನೈದು ಪಟ್ಟು. ರಸದ ಕಿಣ್ವಗಳನ್ನು ತಯಾರಿಸುವ ಏಸಿನಾರ್ ಕೋಶಗಳಷ್ಟು ಬಿರುಸಾಗಿ ಪ್ರೋಟೀನ್ ಕಟ್ಟುವವರು ದೇಹದಲ್ಲಿ ಸಿಗುವುದು ಕಷ್ಟ. ಮಾಂಸವನ್ನೇ ಕರಗಿಸುವ ರಸವನ್ನು ಮಡಿಲಲ್ಲಿಟ್ಟುಕೊಂಡ ಗ್ರಂಥಿಗೆ ಗಾಯವಾದರೆ ಗಂಡಾಂತರ. ಅದಕ್ಕೇ ಉರಿಯೂತ ಬಂದಾಗ ಏಸಿನಾರ್ ಕೋಶಗಳು ಕಿಣ್ವದ ಕಾರ್ಖಾನೆ ಮುಚ್ಚಿ, ನಾಳದ ಕೋಶಗಳ ಚಹರೆ ತಳೆದು ತಲೆ ಬಗ್ಗಿಸಿ ಕೂರುತ್ತವೆ. ಗಾಯ ಮಾಯ್ದ ಮೇಲೆ ಹಿಂದಿರುಗುತ್ತವೆ. ಕೆರಾಸ್ ಕೆಟ್ಟ ಕೋಶ ಹಿಂದಿರುಗುವುದಿಲ್ಲ. ಚಹರೆ ಬದಲಿಸುವ ಬಾಗಿಲು ತೆರೆದದ್ದು ತೆರೆದೇ ಉಳಿಯುತ್ತದೆ.

ವೈದ್ಯರ ಕೈಗೆ ಇದರಲ್ಲಿ ಎಷ್ಟು ಸಿಗುತ್ತದೆ? 22 ಗೇಜಿನ ಸೂಜಿಯ ಒಳಬಾಯಿ 0.4 ಮಿಲಿಮೀಟರ್. ಒಂದು ಸೆಂಟಿಮೀಟರ್ ಉದ್ದದ ಎಳೆ ಸಿಕ್ಕರೆ ಅದರ ಗಾತ್ರ ಒಂದು ಚಿಲ್ಲರೆ ಘನ ಮಿಲಿಮೀಟರ್. ಗಡ್ಡೆಯ ಗಾತ್ರ 14,000 ಘನ ಮಿಲಿಮೀಟರ್. ಹತ್ತು ಸಾವಿರದಲ್ಲಿ ಒಂದು ಪಾಲನ್ನು, ಅದೂ ಒಂದು ದಿನದ ಒಂದು ಗಳಿಗೆಯದ್ದನ್ನು ನೋಡಿ, ‘ಕ್ಲಾಸಿಕಲ್’ ಎಂದು ಬರೆಯಬೇಕು. ಆದರೂ ಆ ಬರಹಕ್ಕೆ ಬೆಲೆ ಇದೆ. ಟೊರಾಂಟೊದ ‘ಕಂಪಾಸ್’ ಅಧ್ಯಯನದಲ್ಲಿ ಚಿಕಿತ್ಸೆಗೆ ಮೊದಲೇ ಮಾದರಿ ತೆಗೆದು ನೋಡಿದಾಗ, ಬೇಸಲ್ ಎಂದು ಓದಿಸಿಕೊಂಡ ಗಡ್ಡೆಗಳು ಫಾಲ್ಫಿರಿನಾಕ್ಸ್ ಎಂಬ ಕೀಮೋ ಮದ್ದುಗಳ ಕೂಟಕ್ಕೆ ಅಷ್ಟಾಗಿ ಬಗ್ಗಲಿಲ್ಲ. 2011ರಲ್ಲಿ ಫ್ರಾನ್ಸಿನ 342 ರೋಗಿಗಳ ಪರೀಕ್ಷೆಯಲ್ಲಿ ಹರಡಿದ ಕ್ಯಾನ್ಸರಿನವರ ಮಧ್ಯಮ ಬದುಕುಳಿವನ್ನು 6.8 ತಿಂಗಳಿಂದ 11.1 ತಿಂಗಳಿಗೆ ಏರಿಸಿ, ಈ ಕಾಯಿಲೆಯಲ್ಲಿ ಅಪರೂಪದ ಗೆಲುವೆನಿಸಿದ ಕೂಟವದು.

ಈಚಿನ ವರ್ಷಗಳಲ್ಲಿ ಎದುರು ದಿಕ್ಕಿನ ಸುದ್ದಿಯೂ ಬಂದಿದೆ. ಕೆರಾಸ್ ಮನುಷ್ಯರ ಕ್ಯಾನ್ಸರಿಗೆ ಕಾರಣ ಎಂದು ತಿಳಿದದ್ದು 1982ರ ಹೊತ್ತಿಗೆ; ಅದನ್ನು ನೇರ ಹಿಡಿಯುವ ಮೊದಲ ಮದ್ದು ಸೊಟೊರಾಸಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ, ಅದೂ ಶ್ವಾಸಕೋಶದ ಕ್ಯಾನ್ಸರಿಗೆ. ಅದು ಹಿಡಿಯುವ ನಿರ್ದಿಷ್ಟ ತಪ್ಪು ಮೇದೋಜ್ಜೀರಕದಲ್ಲಿ ನೂರಕ್ಕೆ ಒಂದೆರಡು ಗಡ್ಡೆಗಳಲ್ಲಿ ಮಾತ್ರ. 38 ರೋಗಿಗಳಿಗೆ ಕೊಟ್ಟಾಗ 8 ಮಂದಿಯಲ್ಲಿ ಗಡ್ಡೆ ಕುಗ್ಗಿತು. ಈಗ ಹೆಚ್ಚು ಬಗೆಯ ತಪ್ಪುಗಳನ್ನು ಹಿಡಿಯುವ ಮದ್ದುಗಳು ರೋಗಿಗಳ ಮೇಲಿನ ದೊಡ್ಡ ಪರೀಕ್ಷೆಗಳಿಗೆ ಬಂದಿವೆ. ನ್ಯೂಯಾರ್ಕಿನ ಸಂಶೋಧಕರು 2024ರಲ್ಲಿ ಕೆರಾಸನ್ನು ತಡೆದು ನೋಡಿದರು. ಸಾಯದೆ ಉಳಿದು ನಿಂತವು ಕ್ಲಾಸಿಕಲ್ ಚಹರೆಯವು. ಕೀಮೋಗೆ ಜಗ್ಗದ ಬೇಸಲ್ ದಿಕ್ಕಿನವು ಇದಕ್ಕೆ ಬೇಗ ಬಗ್ಗಿದವು. ಹಳೆಯ ಮದ್ದು ಒಂದು ಕಣಿವೆಯನ್ನು ಬರಿದು ಮಾಡಿದರೆ ಹೊಸ ಮದ್ದು ಇನ್ನೊಂದನ್ನು. ಅಂದರೆ ಎರಡು ಮದ್ದು, ಮೂರು ದಾರಿ: ಮೊದಲು ಇದು, ಮೊದಲು ಅದು, ಅಥವಾ ಎರಡೂ ಒಟ್ಟಿಗೆ. ಯಾವುದು ಮೇಲು ಎನ್ನುವುದನ್ನು ಕೋಶಗಳು ಎಷ್ಟು ದಿನದಲ್ಲಿ ದಿಬ್ಬ ದಾಟುತ್ತವೆ ಎಂಬ ಒಂದು ಅಂಕಿ ತೀರ್ಮಾನಿಸಬಹುದು. ಅದನ್ನು ರೋಗಿಯ ದೇಹದೊಳಗೇ ಅಳೆಯಬೇಕು, ಒಂದಲ್ಲ ಹಲವು ಸಲ ಸೂಜಿ ಚುಚ್ಚಿ: ಮದ್ದಿಗೆ ಮೊದಲು, ಮದ್ದಿನ ನಡುವೆ, ಗಡ್ಡೆ ಮತ್ತೆ ತಲೆ ಎತ್ತಿದಾಗ.